ಸೂರ್ಯ ಹುಟ್ಟುವ ಮುಂಚಿನ ಅಳತೆ: ಕೆರೆ ಮೀನುಗಾರರ ಜೊತೆ ಸೇರಿ ನೀರಿನ ಆಮ್ಲಜನಕ ನೋಡುವ ಕ್ರಮ

ಮೈಸೂರಿನ ಮಾನಸಗಂಗೋತ್ರಿಯಿಂದಲೋ ಮಂಡ್ಯದ ಯಾವುದಾದರೂ ಕಾಲೇಜಿನಿಂದಲೋ ಹೊರಟ ಸಂಶೋಧಕರ ತಂಡ ಪಾಂಡವಪುರ, ಮದ್ದೂರು, ಎಚ್.ಡಿ. ಕೋಟೆ ಕಡೆಯ ಕೆರೆ ಏರಿ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಹತ್ತೂವರೆ, ಹನ್ನೊಂದು ಗಂಟೆ ಆಗಿರುತ್ತದೆ. ಆಗ ನೀರಿನ ಆಮ್ಲಜನಕ ಅಳೆದರೆ ಲೀಟರಿಗೆ 6 ಅಥವಾ 7 ಮಿಲಿಗ್ರಾಂ ಸಿಗುತ್ತದೆ. ವರದಿಯಲ್ಲಿ ‘ನೀರು ಮೀನಿಗೆ ಯೋಗ್ಯ’ ಎಂದು ಬರೆಯಲು ಇದು ಸಾಕು. ಅದೇ ಕೆರೆಯಲ್ಲಿ ಅದೇ ದಿನ ಬೆಳಗಿನ ಐದೂವರೆಗೆ ಅಳೆದಿದ್ದರೆ 1.5 ಸಿಗುತ್ತಿತ್ತೇನೋ. ಮೀನು ಸಾಯುವುದು ಆ ಹೊತ್ತಿನಲ್ಲಿ. ಬಲೆ ಎತ್ತಲು ಹರಿಗೋಲಿನಲ್ಲಿ ಹೋದವರಿಗೆ ಅದು ಗೊತ್ತು, ಆದರೆ ಅವರ ಕೈಯಲ್ಲಿ ಅಂಕಿ ಇಲ್ಲ. ಸಂಶೋಧಕರ ಕೈಯಲ್ಲಿ ಅಂಕಿ ಇದೆ, ಅದು ತಪ್ಪು ಹೊತ್ತಿನದು.

ಆದ್ದರಿಂದ ಮೀನುಗಾರರನ್ನು ಜೊತೆಗೆ ಸೇರಿಸಿಕೊಳ್ಳುವುದು ಸೌಜನ್ಯದ ಮಾತಲ್ಲ, ಅಳತೆ ಸರಿಬರಬೇಕಾದರೆ ಬೇರೆ ದಾರಿಯೇ ಇಲ್ಲ. ಕಡಲತೀರದ ಊರುಗಳಲ್ಲಿ ವಿಶ್ವವಿದ್ಯಾಲಯದವರೂ ಮೀನುಗಾರರೂ ಕೂಡಿ ಮಾಡುವ ಕೆಲಸಕ್ಕೂ ಇದಕ್ಕೂ ಮೂಲ ಒಂದೇ: ನೀರಿನ ಮೇಲೆ ದಿನವೂ ಇರುವವರು ಅಳೆಯಬೇಕು, ಅಳೆದದ್ದು ಅವತ್ತೇ ಅವರ ಕೆಲಸಕ್ಕೆ ಬರಬೇಕು. ಅಲ್ಲಿಯವರಿಗೆ ಉಬ್ಬರ ಇಳಿತ ಹೇಗೋ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕೆರೆಗಳಿಗೆ ನಾಲೆಯ ಕಟ್ಟು ನೀರು ಹಾಗೆ. ನೀರು ಬಿಟ್ಟ ವಾರ ಒಂದು ಕೆರೆ, ನಿಲ್ಲಿಸಿದ ವಾರ ಇನ್ನೊಂದೇ ಕೆರೆ.

ಹಗಲು ರಾತ್ರಿಯ ಲೆಕ್ಕ

ಬಿಸಿಲಿದ್ದಾಗ ನೀರಿನ ಹಸಿರು ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಮೀನು, ತಳದ ಹೂಳಿನ ಸೂಕ್ಷ್ಮಜೀವಿಗಳು ಎಲ್ಲವೂ ಸೇರಿ ಅದನ್ನು ಬಳಸುತ್ತವೆ. ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ಅತಿ ಹೆಚ್ಚು, ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಅತಿ ಕಡಿಮೆ. ಕೆರೆ ಎಷ್ಟು ಹಸಿರೋ ಈ ಏರಿಳಿತ ಅಷ್ಟು ದೊಡ್ಡದು. ಮಧ್ಯಾಹ್ನ 12 ತೋರಿಸುವ ಕೆರೆ ಬೆಳಗಿನ ಜಾವಕ್ಕೆ 1ಕ್ಕೆ ಇಳಿಯುವುದುಂಟು. ಹಾಗಾಗಿ ಮಧ್ಯಾಹ್ನದ ದೊಡ್ಡ ಅಂಕಿ ಕಂಡು ಸಮಾಧಾನಪಡಬಾರದು, ಎಚ್ಚರಿಕೆ ಎಂದೇ ಓದಬೇಕು.

ನಮ್ಮ ಸೀಮೆಗೆ ಇನ್ನೊಂದು ವಿಷಯವಿದೆ. ಪಠ್ಯಪುಸ್ತಕದ ಕೋಷ್ಟಕಗಳು ಸಮುದ್ರಮಟ್ಟದ ಗಾಳಿಯೊತ್ತಡಕ್ಕೆ ಬರೆದವು. 30 ಡಿಗ್ರಿ ಸೆಲ್ಸಿಯಸ್ ನೀರು ಅಲ್ಲಿ ಲೀಟರಿಗೆ 7.6 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಮೈಸೂರು ಅದಕ್ಕಿಂತಲೂ ಮೇಲೆ. ಇಲ್ಲಿ ಅದೇ ಬಿಸಿಯ ನೀರಿಗೆ 7ರ ಆಸುಪಾಸೇ ಮಿತಿ. ಅಂದರೆ ಏಪ್ರಿಲ್ ತಿಂಗಳಲ್ಲಿ ಕೆರೆಗೆ ಮೊದಲಿನಿಂದಲೇ ಕೈಯಲ್ಲಿ ಬಂಡವಾಳ ಕಡಿಮೆ.

ಗೆಂಡೆ ಜಾತಿಯ ಮೀನುಗಳಿಗೆ, ಅಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗೆ, 5ರ ಮೇಲಿದ್ದರೆ ನಿಶ್ಚಿಂತೆ. 3ಕ್ಕಿಂತ ಕೆಳಗೆ ಮೇವು ಬಿಡುತ್ತವೆ, ರೋಗ ಬೇಗ ತಗಲುತ್ತದೆ. 2ರ ಕೆಳಗೆ ಹಲವು ಗಂಟೆ ನಿಂತರೆ ಮೇಲೆ ಬಂದು ಬಾಯಿ ಆಡಿಸತೊಡಗುತ್ತವೆ. 1ರ ಕೆಳಗೆ ಸಾವು ಶುರು.

ಯಾರ ಹತ್ತಿರ ಮೊದಲು ಮಾತಾಡಬೇಕು

ಕೆರೆಗೆ ಒಬ್ಬನೇ ಯಜಮಾನ ಇರುವುದಿಲ್ಲ. ಮೀನಿನ ಹಕ್ಕು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘದ್ದು ಅಥವಾ ಗುತ್ತಿಗೆದಾರರದು. ನೀರು ಅಚ್ಚುಕಟ್ಟಿನ ರೈತರದು. ತೂಬು ಎತ್ತಿ ಇಳಿಸುವವರು ನೀರುಗಂಟಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ವ್ಯವಸ್ಥೆಯಡಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯಡಿ ಬರುತ್ತವೆ. ನಾಲೆಯಿಂದ ತುಂಬುವ ಕೆರೆಗೆ ನೀರು ಬಿಡುವ ತೀರ್ಮಾನ ಕಾವೇರಿ ನೀರಾವರಿ ನಿಗಮದ್ದು. ಮೊದಲ ವಾರದಲ್ಲೇ ಇವರೆಲ್ಲರನ್ನೂ ಕಂಡು ಬರಬೇಕು. ಸಂಘದವರನ್ನು ಮಾತ್ರ ಕಂಡು ರೈತರನ್ನು ಬಿಟ್ಟರೆ, ‘ನೀರು ಬಿಡಬೇಡಿ ಎನ್ನಲು ಬಂದವರು’ ಎಂಬ ಮಾತು ಊರಲ್ಲಿ ಹಬ್ಬುತ್ತದೆ. ಆಮೇಲೆ ಅದನ್ನು ಅಳಿಸುವುದು ಕಷ್ಟ.

ಹೊತ್ತು ನೋಡಿ ಹೋಗಿ. ಮೀನುಗಾರರು ಸಂಜೆ ಐದಕ್ಕೆ ಬಲೆ ಬಿಡಲು ಹೋಗುತ್ತಾರೆ, ಬೆಳಗಿನ ನಾಲ್ಕು ಐದಕ್ಕೆ ಎತ್ತುತ್ತಾರೆ, ಎಂಟರೊಳಗೆ ಮಾರಾಟ ಮುಗಿಯಬೇಕು, ಮಧ್ಯಾಹ್ನ ನಿದ್ದೆ. ಸಭೆಗೆ ಸರಿಯಾದ ಸಮಯ ಬೆಳಗಿನ ಹತ್ತರಿಂದ ಹನ್ನೊಂದೂವರೆ. ಮೀನು ಮಾರುವ ಹೆಂಗಸರನ್ನು ಪ್ರತ್ಯೇಕವಾಗಿ ಕಾಣಬೇಕು. ಯಾವ ತಿಂಗಳಲ್ಲಿ ಯಾವ ಮೀನು ಎಷ್ಟು ದಪ್ಪ ಬಂತು, ಯಾವಾಗ ಮೀನಿಗೆ ಕೆಸರು ವಾಸನೆ ಬಂದು ಗಿರಾಕಿ ಬಿಟ್ಟುಹೋದರು ಎಂಬುದು ಬಲೆ ಎತ್ತುವವರಿಗಿಂತ ಇವರಿಗೆ ಚೆನ್ನಾಗಿ ನೆನಪಿರುತ್ತದೆ.

ಮೊದಲ ದಿನ ಪ್ರಶ್ನಾವಳಿ ತೆಗೆಯಬೇಡಿ. ‘ಅಣ್ಣ, ಯಾವ ತಿಂಗಳಲ್ಲಿ ಮೀನು ಮೇಲೆ ಬಂದು ಬಾಯಿ ಆಡಿಸುತ್ತೆ? ಕೆರೆಯ ಯಾವ ಮೂಲೆಯಲ್ಲಿ?’ ಎಂದು ಕೇಳಿ, ಅವರು ತೋರಿಸಿದ ಜಾಗಕ್ಕೆ ಅವರ ಹರಿಗೋಲಿನಲ್ಲೇ ಹೋಗಿ ಬನ್ನಿ. ಆ ಮೂಲೆಗಳೇ ನಿಮ್ಮ ಅಳತೆಯ ಜಾಗಗಳು. ಹಿಡಿದ ಮೀನಿನ ಬೆಲೆ, ಸಾಲ, ಗುತ್ತಿಗೆ ಹಣದ ವಿಷಯ ಮೊದಲ ತಿಂಗಳು ಎತ್ತಲೇಬಾರದು. ಮುಂಗಡ ಕೊಟ್ಟ ವ್ಯಾಪಾರಿಗೂ ಮೀನುಗಾರರಿಗೂ ನಡುವೆ ಇರುವ ಲೆಕ್ಕ ಹೊರಗಿನವರ ಪುಸ್ತಕಕ್ಕೆ ಬಂದರೆ ತೊಂದರೆ ಆಗುವುದು ಮೀನುಗಾರರಿಗೆ.

ಒಪ್ಪಂದವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಎಲ್ಲರ ಮುಂದೆ ಓದಿ. ಅಳೆಯುವವರಿಗೆ ದಿನಕ್ಕೆ ಎಷ್ಟು ಕೂಲಿ, ಯಾವ ತಾರೀಖಿಗೆ ಕೊಡುವುದು. ಅಂಕಿಗಳ ಪುಸ್ತಕ ಯಾರ ಬಳಿ ಇರುತ್ತದೆ (ಸಂಘದಲ್ಲಿ ಇರಲಿ, ನೀವು ಫೋಟೊ ತೆಗೆದುಕೊಳ್ಳಿ). ಯಾರ ಹೆಸರನ್ನೂ ಒಪ್ಪಿಗೆ ಇಲ್ಲದೆ ಬರೆಯುವುದಿಲ್ಲ. ಬೇಡವೆನಿಸಿದ ದಿನ ಬಿಡಬಹುದು. ಕೂಲಿ ಕೊಡದೆ ‘ಜ್ಞಾನಕ್ಕಾಗಿ’ ಎಂದು ಬೆಳಗಿನ ಜಾವ ಎಬ್ಬಿಸುವುದು ಅನ್ಯಾಯ. ಎರಡು ತಿಂಗಳಾದ ಮೇಲೆ ಯಾರೂ ಏಳುವುದಿಲ್ಲ, ಅಂಕಿಗಳನ್ನು ಮನೆಯಲ್ಲೇ ಕೂತು ತುಂಬಿಸುವ ಅಭ್ಯಾಸವೂ ಅಲ್ಲಿಂದಲೇ ಹುಟ್ಟುತ್ತದೆ.

ಅಳೆಯುವ ಜಾಗಗಳು

ಐವತ್ತು ಎಕರೆಯ ಕೆರೆಗೆ ಮೂರು ಜಾಗ ಸಾಕು: ತೂಬಿನ ಹತ್ತಿರದ ಆಳದ ನೀರು, ನಾಲೆ ಅಥವಾ ಹಳ್ಳ ಬಂದು ಸೇರುವ ಬಾಯಿ, ಮೀನು ಬಾಯಿ ಆಡಿಸುತ್ತದೆ ಎಂದು ಅವರು ತೋರಿಸಿದ ಮೂಲೆ. ಪ್ರತಿ ಜಾಗದಲ್ಲಿ ಎರಡು ಆಳ, ಮೇಲಿನಿಂದ 30 ಸೆಂಟಿಮೀಟರ್ ಒಂದು, ತಳದಿಂದ 30 ಸೆಂಟಿಮೀಟರ್ ಮೇಲೆ ಇನ್ನೊಂದು. ತಳದ ನೀರು ಮುಖ್ಯ. ಬೇಸಿಗೆಯಲ್ಲಿ ಮೇಲಿನ ಬಿಸಿ ನೀರು ತಳದ ತಂಪು ನೀರಿನ ಮೇಲೆ ಬೆರೆಯದೆ ನಿಲ್ಲುತ್ತದೆ, ಕೆಳಗಿನ ಪದರದಲ್ಲಿ ಆಮ್ಲಜನಕ ಮುಗಿದಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಒಂದು ಜೋರು ಗಾಳಿಮಳೆ ಬಂದು ಎರಡನ್ನೂ ಕಲಕಿದರೆ ಇಡೀ ಕೆರೆ ಒಂದೇ ರಾತ್ರಿಯಲ್ಲಿ ಕುಸಿಯುತ್ತದೆ. ‘ಮೊದಲ ಮಳೆಗೆ ಮೀನು ಸತ್ತವು’ ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ.

ಜಾಗ ಗುರುತಿಗೆ ಬಿದಿರು ಗಳ ನೆಡಿ ಅಥವಾ ಖಾಲಿ ಕ್ಯಾನಿಗೆ ಹಗ್ಗ, ಕಲ್ಲು ಕಟ್ಟಿ ತೇಲಿಬಿಡಿ. ಮೊಬೈಲಿನ ಜಿಪಿಎಸ್ ಗುರುತು ಮಾತ್ರ ನಂಬಿದರೆ ಕತ್ತಲಲ್ಲಿ ಅದೇ ಜಾಗ ಸಿಗುವುದಿಲ್ಲ. ಹರಿಗೋಲಿನಲ್ಲಿ ಇಬ್ಬರಿಗಿಂತ ಕಡಿಮೆ ಹೋಗಬಾರದು. ಲೈಫ್ ಜಾಕೆಟ್, ತಲೆಗೆ ಕಟ್ಟುವ ಟಾರ್ಚು ಕಡ್ಡಾಯ. ಮೀನುಗಾರರಿಗೆ ಈಜು ಬರುತ್ತದೆ, ವಿದ್ಯಾರ್ಥಿಗಳಿಗೆ ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಕನ್ನಂಬಾಡಿ, ಕಬಿನಿ ಹಿನ್ನೀರಿನಲ್ಲಿ ಆಷಾಢದ ಗಾಳಿ ಎದ್ದ ದಿನ ಅಳತೆ ಬೇಡ, ಪುಸ್ತಕದಲ್ಲಿ ‘ಗಾಳಿ’ ಎಂದು ಬರೆದು ಬಿಡಿ.

ಸೆಕ್ಕಿ ತಟ್ಟೆ: ಅರ್ಧ ದಿನದಲ್ಲಿ ಮಾಡಿಕೊಳ್ಳಬಹುದು

ನೀರು ಎಷ್ಟು ಆಳದವರೆಗೆ ತಿಳಿಯಾಗಿದೆ ಎಂದು ನೋಡುವ ಈ ತಟ್ಟೆಯನ್ನು 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರದಲ್ಲಿ ಪ್ರಯೋಗಿಸಿ ನೋಡಿದರು. ಸಮುದ್ರಕ್ಕೆ 30 ಸೆಂಟಿಮೀಟರಿನ ತಟ್ಟೆ ಬಳಸುತ್ತಾರೆ, ಕೆರೆಗೆ 20 ಸೆಂಟಿಮೀಟರ್ ಅಗಲದ್ದು.

3 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಅಥವಾ ಅಕ್ರಿಲಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ, ನಡುವೆ 8 ಮಿಲಿಮೀಟರ್ ತೂತು ಹಾಕಿಸಿ. ನಾಲ್ಕು ಕಾಲುಭಾಗ ಮಾಡಿ ಎದುರುಬದುರಿನ ಎರಡಕ್ಕೆ ಕಪ್ಪು, ಇನ್ನೆರಡಕ್ಕೆ ಬಿಳಿ ಬಣ್ಣ ಬಳಿಯಿರಿ. ಬಣ್ಣ ಹೊಳಪಿನದಾಗಿರಬಾರದು, ಹೊಳೆದರೆ ಆಳದಲ್ಲೂ ಕಂಡು ಲೆಕ್ಕ ತಪ್ಪುತ್ತದೆ. ತೂತಿನಲ್ಲಿ ಕೊಕ್ಕೆ ಬೋಲ್ಟು ಹಾಕಿ, ಎರಡೂ ಕಡೆ ವಾಷರ್, ನಟ್ಟು ಬಿಗಿದು, ಕೆಳಗೆ ಮುಕ್ಕಾಲು ಕಿಲೋ ತೂಕದ ಕಬ್ಬಿಣ ಕಟ್ಟಿ. ತೂಕ ಕಡಿಮೆಯಾದರೆ ತಟ್ಟೆ ಓರೆಯಾಗಿ ತೇಲುತ್ತದೆ. ಹಗ್ಗವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಎಳೆದು ಹಿಡಿದು, ಆಮೇಲೆ ಗುರುತು ಹಾಕಬೇಕು. ಒಣ ನೈಲಾನ್ ಹಗ್ಗಕ್ಕೆ ಗುರುತು ಹಾಕಿದರೆ ನೆನೆದ ಮೇಲೆ ಅಳತೆ ಬದಲಾಗುತ್ತದೆ. ಮೊದಲ ಒಂದು ಮೀಟರಿಗೆ 5 ಸೆಂಟಿಮೀಟರಿಗೊಂದು ಗುರುತು, ಆಮೇಲೆ 10ಕ್ಕೊಂದು.

ಇದನ್ನು ಮಾತ್ರ ಹಗಲಿನಲ್ಲಿ, ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರೊಳಗೆ, ಹರಿಗೋಲಿನ ನೆರಳು ಬಿದ್ದ ಕಡೆಯಿಂದ ಇಳಿಬಿಡಬೇಕು. ತಟ್ಟೆ ಮರೆಯಾದ ಆಳ, ಮತ್ತೆ ಮೇಲೆತ್ತುವಾಗ ಕಾಣಿಸಿದ ಆಳ, ಎರಡರ ಸರಾಸರಿ ಬರೆಯಿರಿ. ಮೀನು ಸಾಕುವ ಕೆರೆಗೆ 30ರಿಂದ 45 ಸೆಂಟಿಮೀಟರ್ ಒಳ್ಳೆಯದು. 20ಕ್ಕಿಂತ ಕಡಿಮೆ ಬಂದು ನೀರು ಹಸಿರಾಗಿದ್ದರೆ ಅವತ್ತಿನಿಂದಲೇ ಬೆಳಗಿನ ಜಾವದ ಅಳತೆ ದಿನವೂ ಬೇಕು. ಹಸಿರೋ ಕೆಸರೋ ಎಂಬ ಅನುಮಾನಕ್ಕೆ ಒಂದು ಗಾಜಿನ ಬಾಟಲಿ ನೀರನ್ನು ಕಿಟಕಿಯ ಮೇಲೆ ಒಂದು ದಿನ ಇಡಿ. ಕೆಸರಾದರೆ ತಳಕ್ಕೆ ಕೂರುತ್ತದೆ. ಪಾಚಿಯ ಹಸಿರು ನೀರಿನಲ್ಲೇ ಉಳಿಯುತ್ತದೆ ಅಥವಾ ಮೇಲೆ ಕೆನೆ ಕಟ್ಟುತ್ತದೆ.

ಆಮ್ಲಜನಕದ ಪರೀಕ್ಷೆ

ಮೀಟರ್ ಇದ್ದರೆ ಸಲೀಸು. ಆದರೆ ಅದರ ಮೂತಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಹೊಸ ಮುಚ್ಚಳ ಬೇಕು, ಯೋಜನೆ ಮುಗಿದ ಮೇಲೆ ಅದನ್ನು ಕೊಳ್ಳುವವರು ಇರುವುದಿಲ್ಲ. ಮೀಟರ್ ಬಳಸುವುದೇ ಆದರೆ ಗಾಳಿಯೊತ್ತಡ ಸರಿಮಾಡಿಕೊಳ್ಳಿ. ಕಾರ್ಖಾನೆಯಿಂದ ಬಂದಾಗ ಇರುವ 760 ಮಿಲಿಮೀಟರ್ ಒತ್ತಡದಲ್ಲೇ ಬಿಟ್ಟರೆ ಮಂಡ್ಯದಲ್ಲಿ ಅಂಕಿ ಸುಮಾರು 8 ಶೇಕಡ ಹೆಚ್ಚು ಬರುತ್ತದೆ.

1888ರಲ್ಲಿ ವಿಂಕ್ಲರ್ ರೂಪಿಸಿದ ರಾಸಾಯನಿಕ ವಿಧಾನ ಈಗಲೂ ನಂಬಿಕೆಗೆ ಯೋಗ್ಯ, ಖರ್ಚೂ ಕಡಿಮೆ. 300 ಮಿಲಿಲೀಟರ್ ಹಿಡಿಯುವ, ಗಾಜಿನ ಬಿರಡೆಯ ಬಿಓಡಿ ಬಾಟಲಿಗಳು ಆರು ಬೇಕು.

ನೀರು ತುಂಬಿಸುವುದರಲ್ಲೇ ಅರ್ಧ ಕೆಲಸ ಇದೆ. ಬಾಟಲಿಗೆ ಕಲ್ಲು ಕಟ್ಟಿ ಮುಳುಗಿಸಿ, ಆಳದಲ್ಲಿ ಬಿರಡೆ ಎಳೆದರೆ ಬುಳುಬುಳು ಎಂದು ಗಾಳಿ ಹೊರಬರುತ್ತದೆ, ಆ ಗಾಳಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ. 1 ಇದ್ದ ನೀರು 2 ತೋರಿಸುತ್ತದೆ, ಸಾವಿನ ಅಂಚಿನ ನೀರು ಪರವಾಗಿಲ್ಲ ಎನಿಸುತ್ತದೆ. ಇದನ್ನು ತಪ್ಪಿಸಲು ಅಗಲ ಬಾಯಿಯ 2 ಲೀಟರ್ ಡಬ್ಬಿಯೊಳಗೆ ಬಾಟಲಿಯನ್ನು ಬಿರಡೆ ತೆಗೆದು ನಿಲ್ಲಿಸಿ. ಡಬ್ಬಿಯ ಮುಚ್ಚಳಕ್ಕೆ ಎರಡು ತೂತು ಮಾಡಿ ಎರಡು ಕೊಳವೆ ಹಾಕಿ. ಒಂದು ಬಾಟಲಿಯ ತಳ ಮುಟ್ಟಬೇಕು, ನೀರು ಬರುವುದು ಇದರಲ್ಲಿ. ಇನ್ನೊಂದು ಮುಚ್ಚಳದ ಒಳಗೇ ನಿಂತು ಹೊರಗೆ ಒಂದು ಗೇಣು ಚಾಚಿರಬೇಕು, ಗಾಳಿ ಹೋಗುವುದು ಅದರಲ್ಲಿ. ಡಬ್ಬಿಗೆ ತೂಕ ಕಟ್ಟಿ, ನೀರಿನ ಕೊಳವೆಯ ಬಾಯಿಗೆ ರಬ್ಬರ್ ಬಿರಡೆ ಒತ್ತಿ, ಬೇಕಾದ ಆಳಕ್ಕೆ ಇಳಿಸಿ ದಾರ ಎಳೆದು ಬಿಚ್ಚಿ. ನೀರು ಮೊದಲು ಬಾಟಲಿ ತುಂಬಿ, ಅಲ್ಲಿಂದ ಉಕ್ಕಿ ಡಬ್ಬಿ ತುಂಬುತ್ತದೆ. ಗಾಳಿ ತಗಲಿದ ಮೊದಲ ನೀರು ಹೊರಗೆ ಹೋಗಿ, ಬಾಟಲಿಯಲ್ಲಿ ಆ ಆಳದ ನೀರೇ ಉಳಿಯುತ್ತದೆ. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ, ಬಾಟಲಿಯನ್ನು ಡಬ್ಬಿಯ ನೀರೊಳಗೇ ಬಿರಡೆ ಹಾಕಿ ತೆಗೆಯಿರಿ.

ದಡಕ್ಕೆ ಬಂದ ತಕ್ಷಣ ಬಿರಡೆ ತೆಗೆದು 1 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ, ಆಮೇಲೆ 1 ಮಿಲಿಲೀಟರ್ ಕ್ಷಾರೀಯ ಅಯೋಡೈಡ್-ಅಝೈಡ್ ದ್ರಾವಣವನ್ನು ಪಿಪೆಟ್ಟಿನ ತುದಿ ನೀರಿನೊಳಗೆ ಇರುವಂತೆ ಹಿಡಿದು ಬಿಡಿ. ಬಿರಡೆ ಹಾಕಿ ಹದಿನೈದು ಸಲ ತಲೆಕೆಳಗು ಮಾಡಿ ತಿರುಗಿಸಿ. ಈಗ ಬಾಟಲಿಯಲ್ಲಿ ಮೂಡುವ ಗಷ್ಟದ (ತಳಕ್ಕೆ ಕೂರುವ ಕದಡಿನ) ಬಣ್ಣ ನೋಡಿ. ಬಿಳಿಯಾಗಿದ್ದರೆ ಆಮ್ಲಜನಕ ಇಲ್ಲವೇ ಇಲ್ಲ, ತಿಳಿ ಕಂದು ಎಂದರೆ ಸ್ವಲ್ಪ, ಗಾಢ ಕಂದು ಎಂದರೆ ಚೆನ್ನಾಗಿದೆ. ಕೆರೆಯವರಿಗೆ ಮೊದಲು ಕಲಿಸಬೇಕಾದದ್ದು ಈ ಬಣ್ಣವನ್ನು. ಪ್ರಯೋಗಾಲಯದ ಅಂಕಿ ಮಧ್ಯಾಹ್ನ ಬಂದೀತು, ಬಣ್ಣ ಐದು ನಿಮಿಷದಲ್ಲಿ ಹೇಳಿಬಿಡುತ್ತದೆ. 1, 3, 5, 7 ಮಿಲಿಗ್ರಾಂ ಇದ್ದ ಬಾಟಲಿಗಳ ಬಣ್ಣದ ಫೋಟೊ ತೆಗೆದು ಸಂಘದ ಗೋಡೆಗೆ ಅಂಟಿಸಿ.

ಗಷ್ಟ ಅರ್ಧದವರೆಗೆ ಕೆಳಗೆ ಕೂತ ಮೇಲೆ 1 ಮಿಲಿಲೀಟರ್ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ ತಿರುಗಿಸಿದರೆ ಅದು ಕರಗಿ ನೀರು ಹಳದಿಯಾಗುತ್ತದೆ. ಈ ಆಮ್ಲವನ್ನು ಹರಿಗೋಲಿಗೆ ಒಯ್ಯಲೇಬಾರದು. ದಡದಲ್ಲಿ, ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿದ ತರಬೇತಿ ಪಡೆದವರು ಮಾತ್ರ ಹಾಕಬೇಕು. ಮೀನುಗಾರರೇ ಪೂರ್ತಿ ಪರೀಕ್ಷೆ ಮಾಡುವುದಾದರೆ ಸಲ್ಫಾಮಿಕ್ ಆಮ್ಲದ ಪುಡಿ ಇರುವ, ಹನಿ ಎಣಿಸುವ ಕಿಟ್ ಕೊಡಿ. ನಿಖರತೆ ಸ್ವಲ್ಪ ಕಡಿಮೆ, ಅಪಾಯ ತುಂಬಾ ಕಡಿಮೆ. ಆಮ್ಲ ಹಾಕಿದ ಬಾಟಲಿಗಳನ್ನು ಕತ್ತಲ ಪೆಟ್ಟಿಗೆಯಲ್ಲಿ ಇಟ್ಟು ಅದೇ ದಿನ ಮಧ್ಯಾಹ್ನದೊಳಗೆ ಪ್ರಯೋಗಾಲಯ ಮುಟ್ಟಿಸಿ.

ಅಲ್ಲಿ 201 ಮಿಲಿಲೀಟರ್ ಅಳೆದು, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡಿ. ಬಣ್ಣ ಒಣಹುಲ್ಲಿನಷ್ಟು ತಿಳಿಯಾದಾಗ ಪಿಷ್ಟದ ದ್ರಾವಣ ಹಾಕಿ, ನೀಲಿ ಹೋಗುವವರೆಗೆ ಮುಂದುವರಿಸಿ. ಖರ್ಚಾದ ಮಿಲಿಲೀಟರೇ ಲೀಟರಿಗೆ ಮಿಲಿಗ್ರಾಂ: 4.6 ಖರ್ಚಾದರೆ 4.6. ಹೊಸ ಪಿಷ್ಟ ಮುಗಿದಿದ್ದರೆ ಅನ್ನದ ಗಂಜಿಯ ತಿಳಿಯೂ ನೀಲಿ ಕೊಡುತ್ತದೆ. ಥಯೋಸಲ್ಫೇಟ್ ಮಾಡಲು ಹರಳು 6.205 ಗ್ರಾಂ ಒಂದು ಲೀಟರಿಗೆ, ಜೊತೆಗೆ ಕೆಡದಿರಲು 0.4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್. ಇಟ್ಟಲ್ಲೇ ಇದರ ಶಕ್ತಿ ಕುಂದುತ್ತದೆ. ಕುಂದಿದರೆ ಹೆಚ್ಚು ಖರ್ಚಾಗಿ ಆಮ್ಲಜನಕ ಹೆಚ್ಚಿದ್ದಂತೆ ಕಾಣುತ್ತದೆ, ಅಂದರೆ ತಪ್ಪು ಅಪಾಯದ ಕಡೆಗೇ ವಾಲುತ್ತದೆ. ತಿಂಗಳಿಗೊಮ್ಮೆಯಾದರೂ ಅದರ ಸಾಂದ್ರತೆ ಪರೀಕ್ಷಿಸಬೇಕು.

ರಾತ್ರಿ ಹತ್ತಕ್ಕೇ ಬೆಳಗಿನ ಅಂಕಿ ತಿಳಿಯುವುದು

ಕೆರೆಯವರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದು. ಕತ್ತಲಾದ ಮೇಲೆ ಆಮ್ಲಜನಕ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತದೆ. ಆದ್ದರಿಂದ ಸಂಜೆ ಏಳಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ಒಂದೇ ಜಾಗದಲ್ಲಿ ಅಳೆದು, ಚೌಕಳಿ ಹಾಳೆಯ ಮೇಲೆ ಎರಡು ಚುಕ್ಕೆ ಇಟ್ಟು, ಸೇರಿಸುವ ಗೆರೆಯನ್ನು ಬೆಳಗಿನ ಆರರವರೆಗೆ ಎಳೆಯಿರಿ. ಏಳಕ್ಕೆ 7.0, ಹತ್ತಕ್ಕೆ 5.5 ಬಂದರೆ ಗಂಟೆಗೆ 0.5 ಇಳಿಯುತ್ತಿದೆ; ಇನ್ನು ಎಂಟು ಗಂಟೆಗೆ 4 ಇಳಿದು ಬೆಳಿಗ್ಗೆ 1.5 ಉಳಿಯುತ್ತದೆ. ಹತ್ತಕ್ಕೆ 6.4 ಇದ್ದರೆ ಬೆಳಿಗ್ಗೆ 4.8, ಮನೆಗೆ ಹೋಗಿ ಮಲಗಬಹುದು. ಈ ಅಳತೆಗೆ ಮಾತ್ರ ಹನಿ ಎಣಿಸುವ ಕಿಟ್ ಅಥವಾ ಮೀಟರ್ ದಡದಲ್ಲೇ ಇರಬೇಕು. ಮಳೆಗಾಳಿ ಬಂದು ನೀರು ಕಲಕಿದ ರಾತ್ರಿ ಗೆರೆ ನಂಬಬೇಡಿ, ಅಂದಾಜಿಗಿಂತ ಬೇಗ ಇಳಿಯುತ್ತದೆ.

ಮಾಮೂಲಿ ದಿನಗಳಲ್ಲಿ ವಾರಕ್ಕೆ ಎರಡು ಬೆಳಗಿನ ಜಾವದ ಅಳತೆ ಸಾಕು, ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ. ಮೈಸೂರಿನಲ್ಲಿ ಜೂನ್ ತಿಂಗಳಲ್ಲಿ ಆರರ ಒಳಗೇ ಹುಟ್ಟುತ್ತಾನೆ, ಜನವರಿಯಲ್ಲಿ ಆರೂಮುಕ್ಕಾಲಿಗೆ. ಗಡಿಯಾರದ ಒಂದೇ ಹೊತ್ತು ವರ್ಷವಿಡೀ ಇಟ್ಟುಕೊಂಡರೆ ಅಂಕಿಗಳನ್ನು ಹೋಲಿಸಲಾಗದು. ಮಾರ್ಚಿನಿಂದ ಮೇ ತನಕ, ಮೋಡ ಕವಿದು ಎರಡು ದಿನ ಬಿಸಿಲು ಕಾಣದಿದ್ದಾಗ, ನಾಲೆ ನೀರು ನಿಲ್ಲಿಸಿದ ವಾರ, ಸುತ್ತ ಆಲೆಮನೆಗಳು ನಡೆಯುವ ದಿನ ಮಳೆ ಬಂದಾಗ ದಿನವೂ ಅಳೆಯಿರಿ. ಆಲೆಮನೆಯ ತೊಳೆದ ನೀರಿನಲ್ಲಿ ಸಕ್ಕರೆ ಇರುತ್ತದೆ. ಅದು ವಿಷವಲ್ಲ, ಆದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಕೆರೆಯ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ.

ಪಿಎಚ್ ಮತ್ತು ಅಮೋನಿಯ

ಇವೆರಡನ್ನೂ ಬೇರೆ ಬೇರೆಯಾಗಿ ಓದಬಾರದು. ಕಿಟ್ ತೋರಿಸುವುದು ಒಟ್ಟು ಅಮೋನಿಯ. ಮೀನಿನ ಕಿವಿರು ಸುಡುವುದು ಅದರಲ್ಲಿ ಅನಿಲರೂಪದ ಪಾಲು. 25 ಡಿಗ್ರಿಯಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7 ಇದ್ದರೆ ಆ ಪಾಲು ನೂರಕ್ಕೆ ಒಂದೂ ಇಲ್ಲ, 8 ಇದ್ದರೆ ನೂರಕ್ಕೆ 5, 9 ಇದ್ದರೆ ನೂರಕ್ಕೆ 36. ಹಸಿರು ಕೆರೆಯಲ್ಲಿ ಮಧ್ಯಾಹ್ನ ಪಿಎಚ್ 9 ದಾಟುವುದು ಅಪರೂಪವಲ್ಲ. ಹಾಗಾಗಿ ಆಮ್ಲಜನಕಕ್ಕೆ ಬೆಳಗಿನ ಜಾವ, ಅಮೋನಿಯಕ್ಕೆ ಮಧ್ಯಾಹ್ನ ಮೂರು ಗಂಟೆ. ನೀರು ಕೆಟ್ಟಿತೆಂದು ಗಾಬರಿಯಲ್ಲಿ ಸುಟ್ಟ ಸುಣ್ಣ ಎರಚುವವರನ್ನು ತಡೆಯಿರಿ. ಸುಣ್ಣ ಪಿಎಚ್ ಏರಿಸುತ್ತದೆ, ಇದ್ದ ಅಮೋನಿಯವನ್ನೇ ವಿಷ ಮಾಡುತ್ತದೆ.

ಹಿಡಿದ ಮೀನಿನ ಪುಸ್ತಕ

‘ಈ ವರ್ಷ ಮೀನು ಕಡಿಮೆ’ ಎಂಬ ಮಾತಿಗೆ ಅಳತೆ ಬೇಕಾದರೆ ಕಿಲೋ ಮಾತ್ರ ಬರೆದರೆ ಸಾಲದು. ಎಷ್ಟು ಬಲೆ ಬಿಟ್ಟು ಎಷ್ಟು ಸಿಕ್ಕಿತು ಎಂಬುದು ಬೇಕು. ಬಲೆಯ ಉದ್ದ ಮೀಟರಿನಲ್ಲಿ, ಕಣ್ಣಿನ ಅಳತೆ ಎಳೆದು ಹಿಡಿದು ಮಿಲಿಮೀಟರಿನಲ್ಲಿ, ಬಿಟ್ಟ ಹೊತ್ತು, ಎತ್ತಿದ ಹೊತ್ತು, ಜಾತಿವಾರು ಕಿಲೋ. 50 ಮೀಟರ್ ಬಲೆಗೆ ಒಂದು ರಾತ್ರಿಗೆ 6 ಕಿಲೋ ಎಂದರೆ 100 ಮೀಟರಿಗೆ 12. ಬರುವ ವರ್ಷ ಎರಡರಷ್ಟು ಬಲೆ ಬಿಟ್ಟು ಅಷ್ಟೇ ಕಿಲೋ ತಂದರೆ ಮೀನು ಅರ್ಧಕ್ಕೆ ಇಳಿದಿದೆ ಎಂಬುದು ಹೀಗೆ ಬರೆದಾಗ ಮಾತ್ರ ಕಾಣುತ್ತದೆ. ಜಿಲೇಬಿ ಮೀನಿನ (ತಿಲಾಪಿಯ) ಪಾಲು ಪ್ರತ್ಯೇಕ ಬರೆಯಿರಿ. ಖಾಲಿ ಬಲೆ ಎತ್ತಿದ ದಿನ ಸೊನ್ನೆ ಬರೆಯಲೇಬೇಕು. ಜನ ಸಾಮಾನ್ಯವಾಗಿ ಆ ದಿನದ ಸಾಲನ್ನೇ ಬಿಟ್ಟುಬಿಡುತ್ತಾರೆ, ಅದರಿಂದ ಸರಾಸರಿ ಸುಳ್ಳಾಗುತ್ತದೆ.

ಅಂಕಿ ಕೆಳಗೆ ಬಂದಾಗ

ಬೆಳಗಿನ ಅಂಕಿ 3ಕ್ಕೆ ಇಳಿದರೆ ಮೇವು, ಸಗಣಿ ಹಾಕುವುದು ಅವತ್ತೇ ನಿಲ್ಲಿಸಿ, ಸಂಜೆ ರಾತ್ರಿ ಅಳತೆ ಶುರು ಮಾಡಿ, ಮಾರುವ ಗಾತ್ರದ ಮೀನನ್ನು ಹಿಡಿಯತೊಡಗಿ. 2ಕ್ಕೆ ಬಂದರೆ ನಾಲೆ ನೀರಿಗೆ ನೀರಾವರಿ ಕಚೇರಿಯಲ್ಲಿ ಕೇಳಿ. ಈ ಮಾತುಕತೆಗೆ ತಿಂಗಳುಗಟ್ಟಲೆ ಬರೆದ ಪುಸ್ತಕ ಇದ್ದರೆ ಮಾತಿಗೆ ತೂಕ ಬರುತ್ತದೆ. ಪಂಪ್‌ಸೆಟ್ಟಿನಿಂದ ನೀರೆತ್ತಿ ಮೇಲಿನಿಂದ ಚಿಮ್ಮಿಸುವುದು ನೆರವಾಗುತ್ತದೆ, ಆದರೆ ಲೆಕ್ಕ ತಿಳಿದಿರಲಿ. ಒಂದು ಎಕರೆಯಲ್ಲಿ ಒಂದು ಮೀಟರ್ ನೀರೆಂದರೆ 40 ಲಕ್ಷ ಲೀಟರ್. ಸೆಕೆಂಡಿಗೆ 15 ಲೀಟರ್ ಎತ್ತುವ ಪಂಪಿಗೆ ಅಷ್ಟನ್ನು ಒಮ್ಮೆ ತಿರುಗಿಸಲು 75 ಗಂಟೆ ಬೇಕು. ಇಡೀ ಕೆರೆ ಉಳಿಸುವ ಆಸೆ ಬಿಟ್ಟು, ಮೀನು ಬಂದು ಗುಂಪಾಗುವ ಮೂಲೆಯಲ್ಲಿ ಮಾತ್ರ ರಾತ್ರಿ ಎರಡರಿಂದ ಬಿಸಿಲು ಏರುವವರೆಗೆ ನೀರು ಚಿಮ್ಮಿಸಿ. ಮೀನು ಅಲ್ಲಿಗೇ ಬರುತ್ತದೆ.

ಸತ್ತೇ ಹೋದರೆ ಕಾರಣ ಹುಡುಕಲು ಸಿಗುವುದು ಎರಡು ಮೂರು ಗಂಟೆ. ಮೊದಲು ಸತ್ತದ್ದು ಯಾವುದು ಎಂದು ನೋಡಿ. ದೊಡ್ಡ ಮೀನು, ಬೆಳಗಿನ ಜಾವ, ಬಾಯಿ ತೆರೆದು ಸತ್ತಿದ್ದರೆ ಆಮ್ಲಜನಕದ ಕೊರತೆ. ಮರಿ, ಸೀಗಡಿ, ನೀರಿನ ಹುಳುಗಳು ಮೊದಲು ಸತ್ತು, ಹೊತ್ತು ಯಾವುದಾದರೂ ಆಗಿದ್ದರೆ ಗದ್ದೆಯ ಕೀಟನಾಶಕದ ಅನುಮಾನ. ಕೊರವ, ಚೇಳುಮೀನು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲವು, ಆಮ್ಲಜನಕ ಕಡಿಮೆಯಾದರೆ ಸುಲಭವಾಗಿ ಸಾಯುವುದಿಲ್ಲ. ಅವೂ ಸತ್ತಿದ್ದರೆ ವಿಷದ ಕಡೆಗೇ ಯೋಚಿಸಿ. ಮೀನು ಸತ್ತ ಜಾಗದಿಂದ 2 ಲೀಟರ್, ನೀರು ಬರುವ ಬಾಯಿಯಿಂದ 2 ಲೀಟರ್ ತುಂಬಿ ಐಸಿನಲ್ಲಿಡಿ. ಕೀಟನಾಶಕದ ಪರೀಕ್ಷೆಗೆ ಕಂದು ಗಾಜಿನ ಬಾಟಲಿ ಬೇಕು, ಪ್ಲಾಸ್ಟಿಕ್ಕಿನ ಗೋಡೆಗೆ ಅದು ಅಂಟಿಕೊಂಡು ಫಲಿತಾಂಶ ಕಡಿಮೆ ಬರುತ್ತದೆ. ಉಬ್ಬಿದ ಮೀನು ಕೆಲಸಕ್ಕೆ ಬಾರದು; ಇನ್ನೂ ಕಿವಿರು ಕೆಂಪಾಗಿರುವ ನಾಲ್ಕೈದು ಮೀನುಗಳನ್ನು ಐಸಿನಲ್ಲಿ ಇಡಿ. ಫೋಟೊ ತೆಗೆದು, ಹೊತ್ತು ಬರೆದು, ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಅದೇ ದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾದರಿಯನ್ನು ಸಂಘದವರ ಎದುರಿಗೇ ತುಂಬಿ, ಮುಚ್ಚಳದ ಮೇಲೆ ಕಾಗದ ಅಂಟಿಸಿ ಇಬ್ಬರ ಸಹಿ ಹಾಕಿಸಿ. ಇಲ್ಲವಾದರೆ ಆಮೇಲೆ ಅದು ಯಾವ ಕೆರೆಯ ನೀರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಅಂಕಿ ವಾಪಸ್ ಕೊಡುವುದು

ಪ್ರಯೋಗಾಲಯದ ಅಂಕಿ ಅವತ್ತೇ ಸಂಜೆ ಬಲೆ ಬಿಡುವ ಮುಂಚೆ ಸಂಘಕ್ಕೆ ಮುಟ್ಟಬೇಕು, ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾದರೂ ಸರಿ. ವಾರದ ಅಂಕಿಗಳನ್ನು ಸಂಘದ ಗೋಡೆಯ ಕಪ್ಪು ಹಲಗೆಯಲ್ಲಿ ಬರೆಯಿರಿ: 5ರ ಮೇಲೆ ಹಸಿರು ಸೀಮೆಸುಣ್ಣ, 3ರಿಂದ 5 ಹಳದಿ, 3ರ ಕೆಳಗೆ ಕೆಂಪು. ಹತ್ತು ಬಾಟಲಿಗೊಂದನ್ನು ಜೋಡಿಯಾಗಿ ತುಂಬಿಸಿ. ಒಂದೇ ಜಾಗದ ಎರಡು ಬಾಟಲಿಗಳ ನಡುವೆ 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತುಂಬಿಸುವಾಗ ಗುಳ್ಳೆ ಹೋಗಿದೆಯೇ ನೋಡಿ, ಅಳೆದವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಎರಡೂ ಅಂಕಿ ಒಂದೇ ಬರುತ್ತವೆ, ಆದರೆ ನಿಜವಾಗಿರುವುದಿಲ್ಲ.

ಯೋಜನೆಯ ಹಣ ಮುಗಿಯುವ ಆರು ತಿಂಗಳು ಮುಂಚೆಯೇ ಸಂಘದ ಇಬ್ಬರು ಹುಡುಗರಿಗೂ ಇಬ್ಬರು ಹುಡುಗಿಯರಿಗೂ ಕಿಟ್ಟಿನ ಕೆಲಸ ಪೂರ್ತಿ ಒಪ್ಪಿಸಿ, ನೀವು ಜೊತೆಗೆ ನಿಂತು ನೋಡಿ. ದ್ರಾವಣಗಳ ಬಾಟಲಿಯ ಮೇಲೆ ಮಾಡಿದ ತಾರೀಖು, ಬಿಸಾಡುವ ತಾರೀಖು ಕನ್ನಡದಲ್ಲಿ ಬರೆದಿರಲಿ. ದಿನಕ್ಕೆ ಆರು ಬಾಟಲಿ ಅಳೆದರೆ ಒಂದೊಂದು ದ್ರಾವಣ 6 ಮಿಲಿಲೀಟರ್ ಖರ್ಚು, 100 ಮಿಲಿಲೀಟರಿನ ಬಾಟಲಿ ಹದಿನಾರು ದಿನದ ಅಳತೆಗೆ ಬರುತ್ತದೆ. ಇದೇ ಲೆಕ್ಕದಲ್ಲಿ ಒಂದು ಬೇಸಿಗೆಗೆ ಆಗುವಷ್ಟನ್ನು ಫೆಬ್ರವರಿ ಒಳಗೇ ತಂದು ಸಂಘದ ಬೀಗ ಹಾಕುವ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.